ಸಹಾಯ ಬೇಕು: ಮಿಲಿಟರಿಯಿಂದ ಬಂದ ಅಣ್ಣ ರಾತ್ರಿ ನಿದ್ದೆ ಮಾಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಬೈಲಹೊಂಗಲ ಹತ್ತಿರದ ಹಳ್ಳಿ. ಅಣ್ಣ 17 ವರ್ಷ ಸೇನೆಯಲ್ಲಿದ್ದು ಹೋದ ವರ್ಷ ಹವಾಲ್ದಾರ್ ಆಗಿ ರಿಟೈರ್ ಆದ. ಬಂದ ದಿನ ಊರವರು ಬಸ್ ಸ್ಟ್ಯಾಂಡಿನಿಂದ ಮೆರವಣಿಗೆ ಮಾಡಿ ಕರೆತಂದಿದ್ದರು. ಈಗ ಯಾರ ಜೊತೆಗೂ ಮಾತಿಲ್ಲ. ನಡುರಾತ್ರಿ ಎದ್ದು ಚಿಲಕ ನೋಡುತ್ತಾನೆ, ಟಾರ್ಚ್ ಹಿಡಿದು ಹಿತ್ತಲು ಸುತ್ತುತ್ತಾನೆ. ಮೊನ್ನೆ ಮದುವೆಯಲ್ಲಿ ಪಟಾಕಿ ಹಾರಿಸಿದಾಗ ಮಗಳನ್ನು ಎಳೆದುಕೊಂಡು ಟ್ರ್ಯಾಕ್ಟರ್ ಹಿಂದೆ ಕೂತುಬಿಟ್ಟ. ಜನ ನಕ್ಕರು. ನನಗೆ ಕರುಳು ಕಿವುಚಿದಂತಾಯಿತು.

ಆಸ್ಪತ್ರೆ ಅಂದರೆ "ನನಗೇನು ಹುಚ್ಚಾ?" ಅಂತ ಸಿಟ್ಟಾಗುತ್ತಾನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಾನೇ ಫೋನ್ ಮಾಡಿದ್ದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ದುಡ್ಡೂ ಇಲ್ಲ. ಆದರೆ ಅಣ್ಣ ಫೋನ್ ಹಿಡಿಯಲು ಒಪ್ಪಲಿಲ್ಲ. (ಗಾಳಿ, ದೆವ್ವ, ತಾಯತ ಅಂತ ಸಲಹೆ ದಯವಿಟ್ಟು ಬೇಡ.)

ಇಸಿಎಚ್‌ಎಸ್ ಕಾರ್ಡ್ (ಮಾಜಿ ಸೈನಿಕರ ಆರೋಗ್ಯ ಯೋಜನೆಯದ್ದು) ಇದೆ. ಅದರ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆದು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿದವರು ಇದ್ದೀರಾ? ಏನೇನು ಕಾಗದ ಬೇಕು?

ಇನ್ನೊಂದು ಚಿಂತೆ. ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಅಂತಿದ್ದಾನೆ. ಈ ಸ್ಥಿತಿಯಲ್ಲಿ ಕೈಗೆ ಬಂದೂಕು ಬರುವುದು ಅಂದರೆ ನನಗೂ ವೈನಿಗೂ (ಅತ್ತಿಗೆಗೂ) ಭಯ. ಅವನ ಮನಸ್ಸು ನೋಯದ ಹಾಗೆ ಹೇಗೆ ಹೇಳಲಿ?

ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು ಇದು: ಬೆಳಗಾವಿ, ಸವದತ್ತಿ ಕಡೆಯ ಮಾಜಿ ಸೈನಿಕರು ಯಾರಾದರೂ ಮನೆಗೆ ಬಂದು ಅವನ ಜೊತೆ ಸುಮ್ನೆ ಕೂತು ಚಹಾ ಕುಡಿಯುತ್ತೀರಾ? ಕಾಶ್ಮೀರದಲ್ಲಿ ಡ್ಯೂಟಿ ಮಾಡಿದವರಾದರೆ ಇನ್ನೂ ಒಳ್ಳೆಯದು. ನಮಗೆ ಹೇಳದ್ದನ್ನು ನಿಮಗೆ ಹೇಳಬಹುದು, ಅಲ್ವಾ? ಇನ್‌ಬಾಕ್ಸಿಗೆ ಮೆಸೇಜ್ ಹಾಕಿ. ಭಾನುವಾರ ನಾನೇ ಗಾಡಿ ತಂದು ಕರೆದುಕೊಂಡು ಹೋಗುತ್ತೇನೆ.