ಅಮ್ಮನಿಗೆ ಮೂರನೇ ಸಲ ಯೂರಿನ್ ಇನ್ಫೆಕ್ಷನ್, ರಿಪೋರ್ಟ್ ತುಂಬಾ ಆರ್ ಆರ್ ಆರ್. ಅನುಭವ ಇದ್ದೋರು ಹೇಳಿ

ದಾವಣಗೆರೆ ಮಗಳು:
ಅಮ್ಮನಿಗೆ 61, ಶುಗರ್ ಇದೆ. ನಾಲ್ಕು ತಿಂಗಳಲ್ಲಿ ಮೂರನೇ ಸಲ ಉರಿಮೂತ್ರ. ಎರಡು ಸಲ ಸೆಫಿಕ್ಸಿಮ್ ಕೊಟ್ರು, ಕಮ್ಮಿ ಆದಂಗೆ ಆಗಿ ಮತ್ತೆ ಬಂತು. ಈ ಸಲ ಕಲ್ಚರ್ (ಮೂತ್ರದಲ್ಲಿರೋ ಕ್ರಿಮಿ ಬೆಳೆಸಿ ಯಾವ ಔಷಧಿ ನಾಟುತ್ತೆ ಅಂತ ನೋಡೋ ಟೆಸ್ಟ್) ಮಾಡಿಸಿದ್ವಿ. ಇ-ಕೋಲಿ, ಇಎಸ್‌ಬಿಎಲ್ ಪಾಸಿಟಿವ್ (ಅಂದ್ರೆ ತುಂಬಾ ಆಂಟಿಬಯೋಟಿಕ್ ಮುರಿದುಹಾಕೋ ಕ್ರಿಮಿ), ಕ್ರಿಮಿ ಕೌಂಟ್ ಒಂದು ಲಕ್ಷದ ಮೇಲೆ. ನೈಟ್ರೋಫ್ಯುರಾಂಟಾಯಿನ್, ಫಾಸ್ಫೋಮೈಸಿನ್, ಅಮಿಕಾಸಿನ್, ಮೆರೋಪೆನಮ್ ಬಿಟ್ರೆ ಉಳಿದಿದ್ದಕ್ಕೆಲ್ಲ ಆರ್, ಅಂದ್ರೆ ರೆಸಿಸ್ಟೆಂಟ್, ಆ ಔಷಧಿ ಕ್ರಿಮಿಗೆ ನಾಟಲ್ಲ. ಜ್ವರ ಇಲ್ಲ, ಸೊಂಟನೋವಿಲ್ಲ. ಒಬ್ರು ಡಾಕ್ಟ್ರು ಅಡ್ಮಿಟ್ ಮಾಡಿ ಇಂಜೆಕ್ಷನ್ ಹಾಕ್ಸಿ ಅಂತಾರೆ, ಇನ್ನೊಬ್ರು ಮಾತ್ರೆಯಲ್ಲೇ ನೋಡೋಣ ಅಂತಾರೆ. ಏನು ಮಾಡ್ಲಿ?

ಮೈಸೂರು ಮಲ್ಲಿಗೆ:
ನನ್ನದು ಕೇಳಿ. ಎರಡು ವರ್ಷದಲ್ಲಿ ಏಳು ಸಲ ಬಂದಿದೆ, ಆಗ ನನಗೆ 34. ಮೊದಲ ಮೂರು ಸಲ ಡಾಕ್ಟ್ರ ಹತ್ರ ಹೋಗೇ ಇಲ್ಲ, ಆಫೀಸ್ ಬಿಟ್ಟು ಬರ್ತಾ ಮೆಡಿಕಲ್‌ನಲ್ಲಿ "ಉರಿ" ಅಂದ್ರೆ ಸಾಕು, ಸ್ಟ್ರಿಪ್ಪಿಂದ ನಾರ್‌ಫ್ಲಾಕ್ಸಾಸಿನ್ ಆರು ಮಾತ್ರೆ ಕತ್ತರಿಸಿ ಕೊಟ್ಬಿಡೋರು. ಎರಡು ದಿನಕ್ಕೆ ಉರಿ ನಿಂತ್ರೆ ಉಳಿದ ಎರಡು ಮಾತ್ರೆ ಪರ್ಸಲ್ಲೇ, ಮುಂದಿನ ಸಲಕ್ಕೆ ಇರ್ಲಿ ಅಂತ. ನಾಲ್ಕನೇ ಸಲ ಸಿಪ್ರೋ, ಐದನೇ ಸಲ ಸೆಫಿಕ್ಸಿಮ್. ಆರನೇ ಸಲ ಬಂದಾಗ ಒಬ್ಬ ಲೇಡಿ ಡಾಕ್ಟ್ರು ಮೊದಲು ಕಲ್ಚರ್ ಅಂದ್ರು. ಆ ಹಾಳೆ ಇನ್ನೂ ಫೈಲಲ್ಲಿದೆ ಕಣ್ರೀ, 21 ಔಷಧಿ ಹೆಸರು, 15ರ ಮುಂದೆ ಆರ್.

ಲೆಕ್ಕ ಬರೆದಿಟ್ಟಿದೀನಿ. ಕಲ್ಚರ್ 750ರಂತೆ ನಾಲ್ಕು ಸಲ 3,000. ಸ್ಕ್ಯಾನ್ 1,300. ಅಮಿಕಾಸಿನ್ ಏಳು ದಿನ, ಮನೆಗೆ ಬಂದು ಸೂಜಿ ಹಾಕೋ ಸಿಸ್ಟರ್‌ಗೆ ದಿನಕ್ಕೆ 150, ಅದು ಕಿಡ್ನಿಗೆ ಕಿವಿಗೆ ಪೆಟ್ಟು ಕೊಡಬಹುದು ಅಂತ ಮಧ್ಯೆ ಎರಡು ಸಲ ಕ್ರಿಯಾಟಿನಿನ್ ಅನ್ನೋ ಕಿಡ್ನಿ ಟೆಸ್ಟ್. ಅದಾಗಿ ಆರು ವಾರಕ್ಕೆ ಮತ್ತೆ ಬಂತು. ಕೊನೆಗೆ ಹೋಗಿದ್ದು ಫಾಸ್ಫೋಮೈಸಿನ್ 3 ಗ್ರಾಂ ಪುಡಿಯಲ್ಲಿ, ರಾತ್ರಿ ಮಲಗೋ ಮುಂಚೆ ಮೂತ್ರ ಮಾಡಿ ಬಂದು ನೀರಲ್ಲಿ ಕಲಸಿ ಕುಡಿದಿದ್ದು ಒಂದೇ ಒಂದು ಪೊಟ್ಟಣ, 480 ರೂಪಾಯಿ. ಎರಡು ವರ್ಷದ ನರಕ 480 ರೂಪಾಯಿಗೆ ಮುಗೀತಲ್ಲ ಅಂತ ಅತ್ತುಬಿಟ್ಟೆ. ಮೆಡಿಕಲ್‌ನೋರನ್ನ ನಾನು ಯಾವತ್ತೂ ಕ್ಷಮಿಸಲ್ಲ.

ಹುಬ್ಬಳ್ಳಿಯಾವ:
ತಂಗಿ, ಮಾತ್ರಿ ಪುಡಿ ಅಂತ ಕಾಯಬ್ಯಾಡ್ರಿ. ನಮ್ಮಪ್ಪಗ 70, ಪ್ರೊಸ್ಟೇಟ್ ದೊಡ್ಡದಾಗಿತ್ತು, ಮೂತ್ರ ಪೂರ್ತಿ ಖಾಲಿ ಆಗತಿರಲಿಲ್ಲ. ಇದ ಇಎಸ್‌ಬಿಎಲ್. ಒಬ್ರು ಮಾತ್ರಿ ಕೊಟ್ಟು ಐದ ದಿನ ನೋಡೂಣ ಅಂದ್ರು. ಮೂರನೇ ದಿನ ರಾತ್ರಿ ಎರಡಕ್ಕ ಹಲ್ಲ ಕಟಕಟ ಅನ್ನೂವಂಥಾ ಚಳಿ, ಎರಡ ರಗ್ಗ್ ಹೊಚ್ಚಿದ್ರೂ ನಿಲ್ಲವಲ್ದು, 104 ಜ್ವರ, ಮಾತು ತೊದಲಾಕ ಹತ್ತಿದ್ವು. ಮುಂಜಾನೆ ಐಸಿಯು. ಮೆರೋಪೆನಮ್ ದಿನಕ್ಕ ಮೂರ ಸಲ, ಏಳ ದಿನ, 21 ವಯಲ್. ಒಂದಕ್ಕ 1,940, ಒಟ್ಟ 40,740. ಅದ ಔಷಧಿ ಹೊರಗ ಬ್ಯಾರೆ ಕಂಪನಿದು 600ಕ್ಕ ಸಿಗತದ ಅಂತ ಬಿಲ್ ಕಟ್ಟಿದ ಮ್ಯಾಲೆ ಗೊತ್ತಾತು. ರೂಮು, ಐಸಿಯು, ಟೆಸ್ಟು ಎಲ್ಲಾ ಸೇರಿ 1,12,000. ಇನ್ಶೂರೆನ್ಸ್‌ನವ್ರು 31,000 ಕತ್ತರಿಸಿದ್ರು. ಕೈಯಾಗ ಸೂಜಿ ಹಾಕಿದ ಜಾಗ ಮೂರ ಕಡೆ ಬಾತು ಕೆಂಪಾಗಿತ್ತು. ಆದ್ರ ಅಪ್ಪ ಉಳದಾರ. ರೊಕ್ಕ ನೋಡಬ್ಯಾಡ್ರಿ, ಅಡ್ಮಿಟ್ ಮಾಡ್ರಿ.

ಮೈಸೂರು ಮಲ್ಲಿಗೆ:
ಸರ್, ನಿಮ್ಮ ತಂದೆಯವರಿಗೆ ಚಳಿಜ್ವರ ಬಂದು ರಕ್ತಕ್ಕೇರಿತ್ತು. ಇವರ ಅಮ್ಮನಿಗೆ ಜ್ವರ ಇಲ್ಲ ಅಂತ ಬರೆದಿದಾರಲ್ಲ. ಬರೀ ಉರಿಗೆ ಮೆರೋಪೆನಮ್ ಹಾಕಿಸ್ಕೊಂಡು, ನಾಳೆ ಅದಕ್ಕೂ ಆರ್ ಬಂದ್ರೆ ಆಮೇಲೆ ಏನು ಉಳಿಯುತ್ತೆ?

ಹುಬ್ಬಳ್ಳಿಯಾವ:
ಅಪ್ಪಗೂ ಮೊದಲ ಮೂರ ದಿನ ಜ್ವರ ಇರಲಿಲ್ಲರೀ ಮೇಡಂ. ಐಸಿಯು ಹೊರಗ ಬಾಕಿನ ಮ್ಯಾಲೆ ಕುಂತ ರಾತ್ರಿ ಕಳದಾವ್ರಿಗೆ ಗೊತ್ತು ಅದು. ಪುಡಿ ಕುಡದು ಆರಾಮ ಆದವ್ರು ಎಲ್ಲಾರಿಗೂ ಪುಡಿ ಹೇಳಬ್ಯಾಡ್ರಿ.

ಲ್ಯಾಬ್ ಅಕ್ಕ, ಹಾಸನ:
ಹದಿನಾಲ್ಕು ವರ್ಷದಿಂದ ಲ್ಯಾಬಲ್ಲಿದೀನಿ, ಹೊಟ್ಟೆ ಉರಿಯೋ ವಿಷಯ ಹೇಳ್ತೀನಿ. ಅರ್ಧ ಜನ ಮನೇಲಿ ತೊಳೆದ ಜಾಮ್ ಬಾಟಲಿಯಲ್ಲಿ ಬೆಳಗ್ಗೆ ಆರಕ್ಕೆ ಹಿಡಿದು ಹನ್ನೊಂದಕ್ಕೆ ತರ್ತಾರೆ. ಅಷ್ಟೊತ್ತಿಗೆ ಅದರಲ್ಲಿ ಕ್ರಿಮಿ ತಾನೇ ಮರಿ ಹಾಕಿರುತ್ತೆ. ಲ್ಯಾಬಲ್ಲಿ ಕೊಡೋ ಸ್ಟೆರೈಲ್ ಡಬ್ಬಿ, ಮೊದಲ ಸ್ವಲ್ಪ ಬಿಟ್ಟು ಮಧ್ಯದ ಧಾರೆ, ಎರಡು ಗಂಟೆ ಒಳಗೆ ತಲುಪಬೇಕು, ಆಗಲ್ಲ ಅಂದ್ರೆ ಫ್ರಿಜ್‌ನಲ್ಲಿ ಇಡಬೇಕು. ಆಂಟಿಬಯೋಟಿಕ್ ಶುರು ಮಾಡಿ ಎರಡು ದಿನ ಆದ್ಮೇಲೆ ಕೊಟ್ರೆ ಏನೂ ಬೆಳೆಯಲ್ಲ, "ನಿಮ್ಮ ಲ್ಯಾಬೇ ಸರಿ ಇಲ್ಲ" ಅಂತ ನನಗೆ ಬೈತಾರೆ. ಇನ್ನೊಂದು, ಉರಿ ಇಲ್ಲ ಜ್ವರ ಇಲ್ಲ, ಸುಮ್ನೆ ಕಲ್ಚರ್ ಮಾಡಿಸಿ ಕ್ರಿಮಿ ಬಂತು ಅಂತ ಔಷಧಿ ನುಂಗ್ತಾರೆ. ಬಸುರಿಯರಿಗೆ ಬಿಟ್ರೆ, ಮೂತ್ರನಾಳದ ಆಪರೇಷನ್ ಮುಂಚೆ ಬಿಟ್ರೆ, ಅದು ಸಾಮಾನ್ಯವಾಗಿ ಬೇಕಿಲ್ಲ. ವಯಸ್ಸಾದ ಹೆಂಗಸರಲ್ಲಿ ಏನೂ ತೊಂದರೆ ಇಲ್ದೇ ಕ್ರಿಮಿ ಇರುತ್ತೆ. ಕ್ಯಾಥೆಟರ್ ಇದ್ದೋರಲ್ಲಂತೂ ಇದ್ದೇ ಇರುತ್ತೆ.

ಕುಡ್ಲದ ಫಾರ್ಮಸಿಸ್ಟ್:
ಮೈಸೂರಿನ ಮೇಡಂ, ಎಲ್ಲಾ ನಮ್ಮ ತಲೆಗೆ ಕಟ್ಟಬೇಡಿ ಮಾರಾಯ್ರೆ. 2014ರಿಂದ ಸೆಫಿಕ್ಸಿಮ್ ಎಚ್1ನಲ್ಲಿ (ಡಾಕ್ಟ್ರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿ) ಉಂಟು, ಪೇಷಂಟ್ ಹೆಸರು ಡಾಕ್ಟ್ರ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡ್ಬೇಕು. ನಾನು ಬರೀತೇನೆ. ಚೀಟಿ ಇಲ್ಲದೆ ಬಂದವರಿಗೆ ಇಲ್ಲ ಅಂದ್ರೆ "ದೊಡ್ಡ ಜನ ನೀವು" ಅಂತ ಹೇಳಿ ಎದುರಿನ ಅಂಗಡಿಗೆ ಹೋಗ್ತಾರೆ. ನಿನ್ನೆ ಒಬ್ರು ಐದು ದಿನದ ಕೋರ್ಸ್ ಚೀಟಿ ತಂದು ಎರಡು ದಿನದ್ದು ಮಾತ್ರ ಸಾಕು ಅಂದ್ರು, ಹಣ ಇಲ್ಲ ಅಂತ. ನಾನು ಎಂತ ಮಾಡ್ಬೇಕಿತ್ತು? ಪರ್ಸ್‌ನಲ್ಲಿ ಎರಡು ಮಾತ್ರೆ ಉಳಿಸಿದ್ದು ನಾನಲ್ಲ ಅಲ್ವಾ?

ಮೈಸೂರು ಮಲ್ಲಿಗೆ:
ಉಳಿಸಿದ್ದು ನಾನೇ, ಒಪ್ಪಿದೆ. ಇನ್ನೂ ಉಳಿದಿದೆ, ಮುಗಿಸಬೇಕು ಅಂತ ಒಂದು ಮಾತು ಕೌಂಟರ್‌ನಲ್ಲಿ ಯಾರೂ ಹೇಳಲಿಲ್ಲ ಸರ್. ಚೀಟಿ ಎಲ್ಲಿ ಅಂತ ಮೂರು ಸಲದಲ್ಲಿ ಒಂದು ಸಲನೂ ಕೇಳಲಿಲ್ಲ.

ಕುಡ್ಲದ ಫಾರ್ಮಸಿಸ್ಟ್:
ಅದು ತಪ್ಪೇ. ಆದ್ರೆ ನಾನು ಮಾಡಿದ ತಪ್ಪಲ್ಲ.

ರಿಟೈರ್ಡ್ ಟೀಚರ್, ಶಿರಸಿ:
ನಾಚಿಕೆ ಬಿಟ್ಟು ಬರೀತಿದೇನೆ, ಯಾಕಂದ್ರೆ ನನಗೆ ಯಾರೂ ಹೇಳಲಿಲ್ಲ. ಮುಟ್ಟು ನಿಂತ ಮೇಲೆ ನನಗೆ ಒಂದೂವರೆ ವರ್ಷದಲ್ಲಿ ಐದು ಸಲ ಆಯ್ತು. ಬಾರ್ಲಿ ನೀರು, ಎಳನೀರು, ಬಾಳೆದಿಂಡಿನ ರಸ, ಆನ್‌ಲೈನ್‌ನಲ್ಲಿ ಕ್ರ್ಯಾನ್‌ಬೆರಿ ಕ್ಯಾಪ್ಸೂಲ್ 899 ಕೊಟ್ಟು ತರಿಸಿದೆ, ಡಿ-ಮ್ಯಾನೋಸ್ ಪುಡಿ 1,150. ಪ್ರತಿ ಸಲ ಆಂಟಿಬಯೋಟಿಕ್ ಬೇರೆ. ಕೊನೆಗೆ ಒಬ್ಬ ಹೆಂಗಸು ಯೂರಾಲಜಿಸ್ಟ್ ಹತ್ತು ನಿಮಿಷ ಕೂರಿಸಿಕೊಂಡು ಕೇಳಿದ್ರು, ಅಲ್ಲಿ ಒಣಗಿದ ಹಾಗೆ ಆಗ್ತದಾ ಅಂತ. ಈಸ್ಟ್ರೋಜನ್ ಕ್ರೀಮ್ ಬರೆದ್ರು, ಒಳಗೆ ಹಚ್ಚೋದು, ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ. ಹದಿನಾಲ್ಕು ತಿಂಗಳಾಯ್ತು, ಒಂದು ಸಲವೂ ಬಂದಿಲ್ಲ. ನಿಮ್ಮ ಅಮ್ಮನ ಡಾಕ್ಟ್ರ ಹತ್ರ ಇದನ್ನ ಕೇಳಿ. ಸ್ತನದ ಕ್ಯಾನ್ಸರ್ ಆಗಿದ್ದವರಾದ್ರೆ ಮೊದಲೇ ತಿಳಿಸಬೇಕು.

ರಾಯಚೂರು ರೈತ:
ಔಷಧಿ ನಾಟದಂಗ ಆಗಾಕ ಬ್ರಾಯ್ಲರ್ ಕೋಳಿನೂ ಕಾರಣ. ಕೋಳಿಗೆ ಆಂಟಿಬಯೋಟಿಕ್ ಹಾಕ್ತಾರ, ನಾವು ತಿಂತೀವಿ.

ಕೋಳಿ ಫಾರ್ಮ್, ಚನ್ನಗಿರಿ:
ಯಾವ ಫಾರ್ಮ್ ನೋಡಿದೀರಿ ಅಣ್ಣ? ಕೋಳಿಗೆ ಹಾಕ್ತಿದ್ದ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ 2019ರಲ್ಲೇ ಬ್ಯಾನ್ ಆಗಿದೆ. ನಾನು 4,000 ಮರಿ ಸಾಕ್ತೀನಿ, ಹೋದ ಬ್ಯಾಚಲ್ಲಿ 310 ಸತ್ವು, ಸುಮ್ಸುಮ್ನೆ ಔಷಧಿ ಸುರಿಯಲಿಲ್ಲ.

ರಾಯಚೂರು ರೈತ:
ಬ್ಯಾನ್ ಆಗೋ ಮುಂಚೆ ಹಾಕ್ತಿದ್ರಲ್ಲ, ಅದಕ್ಕ ಬ್ಯಾನ್ ಮಾಡಿದ್ದು.

ಲ್ಯಾಬ್ ಅಕ್ಕ, ಹಾಸನ:
ಅಮ್ಮನ ವಿಷಯ ಬಿಟ್ಟು ಕೋಳಿ ಹತ್ರ ಹೋದ್ರಿ. ಜಗಳ ಬೇರೆ ಕಡೆ ಮಾಡಿ ದಯವಿಟ್ಟು.

ದಾವಣಗೆರೆ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಕ್ರಿಯಾಟಿನಿನ್ ಮಾಡಿಸಿದ್ವಿ, 0.8 ಬಂತು. ಕಿಡ್ನಿ ಚೆನ್ನಾಗಿದೆ, ಇನ್ಫೆಕ್ಷನ್ ಮೂತ್ರಚೀಲದಲ್ಲೇ ಇದೆ ಅಂತ ನೈಟ್ರೋಫ್ಯುರಾಂಟಾಯಿನ್ 100 ಎರಡು ಹೊತ್ತು, ಊಟ ಆದ ತಕ್ಷಣ, ಏಳು ದಿನ ಕೊಟ್ಟಿದಾರೆ. ಚಳಿಜ್ವರ, ಸೊಂಟನೋವು, ವಾಂತಿ ಬಂದ್ರೆ ಕಾಯದೆ ಬನ್ನಿ ಅಂದಿದಾರೆ, ಹುಬ್ಬಳ್ಳಿ ಅಣ್ಣ ಹೇಳಿದ್ದು ತಲೆಯಲ್ಲಿದೆ, ರಾತ್ರಿ ಎರಡು ಸಲ ಎದ್ದು ಹಣೆ ಮುಟ್ಟಿ ನೋಡ್ತೀನಿ. ನಿನ್ನೆ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಅಮ್ಮ ರಕ್ತ ಅಂತ ಅಳೋಕೆ ಶುರು ಮಾಡಿದ್ರು. ಫೋನ್ ಮಾಡಿದ್ರೆ ಆ ಮಾತ್ರೆಗೆ ಹಂಗೇ ಬರುತ್ತೆ ಅಂದ್ರು. ಇವತ್ತು ನಾಲ್ಕನೇ ದಿನ, ಉರಿ ಮುಕ್ಕಾಲು ಕಮ್ಮಿ. ಅಮ್ಮ ಆಗಲೇ "ಸಾಕು, ಇನ್ನು ಮಾತ್ರೆ ಬೇಡ" ಅಂತಿದಾರೆ. ಡಬ್ಬಿ ನನ್ನ ಹತ್ರನೇ ಇಟ್ಕೊಂಡಿದೀನಿ.

ಹುಬ್ಬಳ್ಳಿಯಾವ:
ಛಲೋ ಆತು ತಂಗಿ. ಥರ್ಮಾಮೀಟರ್ ಇಟ್ಟು ನೋಡ್ರಿ, ಕೈಗೆ ಗೊತ್ತಾಗಂಗಿಲ್ಲ.