60 ದಾಟಿದವರಿಗೆ ಫ್ಲೂ ಲಸಿಕೆ: ಮಿರ್ಗಕ್ಕೆ ಮೊದಲೋ, ದೀಪಾವಳಿ ಹೊತ್ತಿಗೋ?

ಕುಮಟಾ_ಶಿಬಿರ
ನಮ್ಮೂರ ಕಡೆ 60 ದಾಟಿದವರಿಗೆ ಫ್ಲೂ ಲಸಿಕೆ ಶಿಬಿರ ಮಾಡೋಣವೆಂದು ಮಾತಾಗಿದೆ. ಅಕ್ಟೋಬರ್ ಕೊನೆಗೆ ಇಡುವ ಯೋಚನೆ. ಆಗ ಮಳೆ ಹಿಂದೆ ಸರಿದಿರುತ್ತದೆ, ಅಜ್ಜ-ಅಜ್ಜಿಯರನ್ನು ಕರೆತರುವುದು ಸಲೀಸು. ಅಮೆರಿಕದಲ್ಲೂ ಅದೇ ಹೊತ್ತಿಗೆ ಕೊಡುತ್ತಾರಂತೆ. ತಕರಾರಿದ್ದರೆ ಈಗಲೇ ಹೇಳಿ.

ಕಾರವಾರ_ಸಮುದಾಯವೈದ್ಯ
ತಕರಾರಿದೆ. ಅಲ್ಲಿಯ ಫ್ಲೂ ಚಳಿಗಾಲದ್ದು, ಹಾಗಾಗಿ ಅವರಿಗೆ ಅಕ್ಟೋಬರ್ ಸರಿ. ನಮ್ಮ ದೇಶದಲ್ಲಿ ಅದು ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಇನ್ನೊಮ್ಮೆ. ಕರಾವಳಿಯಲ್ಲಿ ಆ ತಿಂಗಳುಗಳಲ್ಲಿ ಕಿಟಕಿ-ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಒಳಗೇ ಇರುತ್ತಾರೆ. ಲಸಿಕೆ ಹಾಕಿದ ಮೇಲೆ ರಕ್ಷಣೆ ಬರಲು ಸುಮಾರು 2 ವಾರ ಬೇಕು. ಮಿರ್ಗ (ಮೃಗಶಿರಾ ಮಳೆ) ಹಿಡಿಯುವುದು ಜೂನ್ 7-8ಕ್ಕೆ. ಅಂದರೆ ಮೇ ಮೂರನೇ ವಾರದೊಳಗೆ ಸೂಜಿ ಬಿದ್ದಿರಬೇಕು. ಆ ರಕ್ಷಣೆಯೂ ತಿಂಗಳು ಕಳೆದಂತೆ ಇಳಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಬೇಗ. ಅಕ್ಟೋಬರಿನಲ್ಲಿ ಹಾಕಿದ್ದು ಮುಂದಿನ ಆಶ್ಲೇಷಾ ಮಳೆಯ ಹೊತ್ತಿಗೆ ಎಷ್ಟು ಉಳಿದೀತು?

ಶಿರಸಿ_ಔಷಧಾಲಯ
ಡಾಕ್ಟರು ಹೇಳಿದ್ದಕ್ಕೆ ದಾಸ್ತಾನಿನ ಕಡೆಯಿಂದ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ವೈರಸ್ ತಳಿಗಳನ್ನು ವರ್ಷಕ್ಕೆ ಎರಡು ಸಲ ಆರಿಸುತ್ತದೆ. ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಳಕ್ಕೆ. ಮೇ ತಿಂಗಳಲ್ಲಿ ಹಾಕುವುದಾದರೆ ಆ ವರ್ಷದ ದಕ್ಷಿಣಾರ್ಧಗೋಳದ್ದೇ ಬೇಕೆಂದು ಆರ್ಡರಿನಲ್ಲಿ ಬರೆಯಿರಿ. ಬಂದ ಮೇಲೆ ಡಬ್ಬಿಯ ಮೇಲಿನ ವರ್ಷ, ಅವಧಿ ಎರಡನ್ನೂ ಓದಿ. ಇಲ್ಲದಿದ್ದರೆ ಹಿಂದಿನ ಚಳಿಗಾಲದ ಉಳಿಕೆ ಕೈಗೆ ಬರಬಹುದು. ನಾಲ್ಕು ತಳಿಯದಕ್ಕೇ ಹೆಚ್ಚು ದುಡ್ಡು ಕೊಡಬೇಕಿಲ್ಲ. ನಾಲ್ಕನೆಯದಾದ ಬಿ ಯಮಗಾಟ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಮೂರು ತಳಿಯದು ಸಾಕು.

ಇದಕ್ಕಿಂತ ನನಗೆ ಚಿಂತೆ ಸಾಗಾಟದ್ದು. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಘಟ್ಟ ಇಳಿಸುವಾಗ ಬಿಸಿಯಾಗುತ್ತದೆಂದು ಎಲ್ಲರಿಗೂ ಹೆದರಿಕೆ. ಆದರೆ ಹೆಪ್ಪುಗಟ್ಟಿದರೂ ಅಷ್ಟೇ ಹಾಳು, ಮತ್ತು ಅದು ಯಾರ ಗಮನಕ್ಕೂ ಬರುವುದಿಲ್ಲ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಪೆಟ್ಟಿಗೆಗೆ ತುಂಬಬೇಡಿ. ಮೇಲೆ ಬೆವರು ಬಂದು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಡಿ. ಸಿರಿಂಜುಗಳಿಗೆ ಪ್ಯಾಕ್ ತಾಗದಂತೆ ನಡುವೆ ರಟ್ಟು ಇಡಿ. ಬಾಟಲಿ ಕುಲುಕಿ ಪರೀಕ್ಷಿಸುವ ಹಳೆಯ ವಿಧಾನವನ್ನು ಇಲ್ಲಿ ನಂಬಬೇಡಿ. ಅದು ಅಲ್ಯೂಮಿನಿಯಂ ಇರುವ ಲಸಿಕೆಗಳಿಗೆ ಮಾತ್ರ. ಸಾಮಾನ್ಯ ಫ್ಲೂ ಲಸಿಕೆಯಲ್ಲಿ ಅದಿಲ್ಲ, ಹೆಪ್ಪುಗಟ್ಟಿ ಕರಗಿದರೂ ನೋಡಲು ಸರಿಯಾಗಿಯೇ ಇರುತ್ತದೆ. ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಡಲೇಬೇಕು.

ಅಂಕೋಲಾ_ಲೆಕ್ಕ
ಒಳ್ಳೆಯ ವರ್ಷದಲ್ಲೂ ಈ ಲಸಿಕೆ ತಡೆಯುವುದು ಶೇ 40ರಿಂದ 60ರಷ್ಟು, ಹಿರಿಯರಲ್ಲಿ ಅದಕ್ಕಿಂತ ಕಡಿಮೆ. ಅದೂ ಪ್ರತಿ ವರ್ಷ ಹಾಕಿಸಬೇಕು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹಿರಿಯರಿಗೆ ಇದಿಲ್ಲ, ಕೈಯಿಂದಲೇ ಖರ್ಚು. ಅದೇ ದುಡ್ಡಿನಲ್ಲಿ ನ್ಯುಮೋನಿಯಾ ಲಸಿಕೆ ಹಾಕಿಸುವುದು ಮೇಲಲ್ಲವೇ?

ಕಾರವಾರ_ಸಮುದಾಯವೈದ್ಯ
ಅಂಕೋಲಾದವರೇ, ಶೇಕಡಾ ಲೆಕ್ಕ ಸರಿ. ಆದರೆ ಅದು ಜ್ವರದ ಲೆಕ್ಕ. ವಯಸ್ಸಾದವರು ಫ್ಲೂನಲ್ಲಿ ಸಾಯುವುದು ಜ್ವರದಿಂದಷ್ಟೇ ಅಲ್ಲ. ಫ್ಲೂ ಖಚಿತವಾದ ಮೊದಲ 7 ದಿನ ಹೃದಯಾಘಾತದ ಸಂಭವ ಸುಮಾರು 6 ಪಟ್ಟು ಏರುತ್ತದೆಂದು ಕೆನಡಾದ 2018ರ ಅಧ್ಯಯನ ತೋರಿಸಿತು. 2021ರ ಐಎಎಂಐ ಅಧ್ಯಯನದಲ್ಲಿ ಬಹುಪಾಲು ಆಗಷ್ಟೇ ಹೃದಯಾಘಾತವಾದವರಿಗೆ ಲಸಿಕೆ ಕೊಟ್ಟು ಒಂದು ವರ್ಷ ನೋಡಿದರು. ಸಾವು, ಮತ್ತೆ ಹೃದಯಾಘಾತ, ಸ್ಟೆಂಟಿನಲ್ಲಿ ಹೆಪ್ಪು, ಈ ಮೂರೂ ಸೇರಿ ಲಸಿಕೆ ಪಡೆದವರಲ್ಲಿ ಶೇ 5.3, ಹೋಲಿಕೆಗೆಂದು ಬರೀ ಉಪ್ಪುನೀರಿನ ಸೂಜಿ ಪಡೆದವರಲ್ಲಿ ಶೇ 7.2. ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಇರುವ ಹಿರಿಯರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ನ್ಯುಮೋನಿಯಾ ಲಸಿಕೆ ಬೇರೆಯೇ. ಅದು ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲಿನದು, ವೈರಸ್ಸಿನ ಮೇಲಿನದಲ್ಲ. ಫ್ಲೂ ಶ್ವಾಸನಾಳದ ಒಳಪೊರೆ ಕೆಡಿಸಿ ಆ ಬ್ಯಾಕ್ಟೀರಿಯಾಕ್ಕೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಎರಡೂ ಬೇಕು. ಒಂದೇ ದಿನ ಒಂದೊಂದು ತೋಳಿಗೆ ಹಾಕಬಹುದು. ನ್ಯುಮೋನಿಯಾ ಲಸಿಕೆಯ ಬಗೆಗಳಲ್ಲಿ ಪಿಸಿವಿ 20 ಆದರೆ ಒಂದೇ ಡೋಸ್. ಪಿಸಿವಿ 13 ಹಾಕಿದರೆ ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು ಪಿಪಿಎಸ್‌ವಿ 23.

ಹೊನ್ನಾವರ_ನರ್ಸ್
ಶಿಬಿರದಲ್ಲಿ ಅವಸರಕ್ಕೆ ಕೆಡುವುದು ಸೂಜಿ ಹಾಕುವ ಜಾಗ. ಬ್ಲೌಸಿನ ತೋಳು ಬಿಗಿ ಇದ್ದರೆ ಕುತ್ತಿಗೆ ಕಡೆಯಿಂದ ಜಗ್ಗಿ ಭುಜದ ತುದಿಗೇ ಚುಚ್ಚುತ್ತಾರೆ. ಮದ್ದು ಕೀಲಿನ ಪಕ್ಕ ಇಳಿದು ತಿಂಗಳುಗಟ್ಟಲೆ ಕೈ ಎತ್ತಲಾಗದ ನೋವು ಬರಬಹುದು. ಪರದೆ ಕಟ್ಟಿ, ತೋಳು ಪೂರ್ತಿ ಬಿಡಿಸಿ. ಭುಜದ ಮೂಳೆಯಿಂದ ಎರಡು-ಮೂರು ಬೆರಳು ಕೆಳಗೆ, 25 ಮಿ.ಮೀ. ಸೂಜಿ, ನೇರಕ್ಕೆ, 0.5 ಮಿ.ಲೀ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ 23 ಗೇಜ್ ಅಥವಾ ಇನ್ನೂ ಸಪೂರದ ಸೂಜಿ. ಹಾಕಿದ ಮೇಲೆ 2 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಉಜ್ಜಬಾರದು. ಎಲ್ಲರನ್ನೂ 15 ನಿಮಿಷ ಕೂರಿಸಿ, ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಮೇಜಿನ ಮೇಲೇ ಇರಲಿ.

ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಹಳೆಯ ಲಸಿಕೆಯ ನೆನಪು ಇನ್ನೂ ಇದೆ. ಅದು ತುಂಬಾ ನೋಯುತ್ತಿತ್ತು, ಪದೇ ಪದೇ ಹಾಕಿಸಬೇಕಿತ್ತು. ಇದು ಅದಲ್ಲವೆಂದು ಮೊದಲೇ ತಿಳಿಸಿ. ಇದರಲ್ಲಿ ಜೀವಂತ ವೈರಸ್ ಇಲ್ಲ, ಇದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳುನೋವು, ಮೈಕೈ ನೋವು ಇರಬಹುದು.

ಸಿದ್ದಾಪುರ_ತೋಟ
ಆರ್‌ಎಸ್‌ವಿ (ಶ್ವಾಸಕ್ಕೆ ತಗಲುವ ಇನ್ನೊಂದು ವೈರಸ್) ಲಸಿಕೆ ಅಂತ ಮಕ್ಕಳು ಅಮೆರಿಕದಿಂದ ಹೇಳುತ್ತಿರುತ್ತಾರಲ್ಲ, ಅದೂ ವರ್ಷ ವರ್ಷ ಬೇಕೇ? ಮೊಟ್ಟೆ ಆಗದವರು ಫ್ಲೂ ಲಸಿಕೆ ಹಾಕಿಸಬಹುದೇ?

ಕಾರವಾರ_ಸಮುದಾಯವೈದ್ಯ
ವರ್ಷ ವರ್ಷ ಅಲ್ಲ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆಯಾಯಿತು. 75 ದಾಟಿದ ಎಲ್ಲರಿಗೂ, ಅದಕ್ಕಿಂತ ಕಿರಿಯರಲ್ಲಿ ಅಪಾಯ ಹೆಚ್ಚಿರುವವರಿಗೆ ಒಂದೇ ಡೋಸ್. ಅಪರೂಪಕ್ಕೆ ಗಿಲಾನ್-ಬಾರೆ ಎಂಬ, ಕೈಕಾಲಿನ ಬಲ ಕುಂದಿಸುವ ನರರೋಗ ಬರಬಹುದೆಂದು 2025ರ ಜನವರಿಯಲ್ಲಿ ಅಲ್ಲಿ ಎಚ್ಚರಿಕೆ ಸೇರಿಸಿದರು. ಖರ್ಚು ನೋಡಿ ಆರಿಸಬೇಕಾದವರು ಫ್ಲೂ, ನ್ಯುಮೊಕಾಕಸ್ ಮೊದಲು ಮುಗಿಸಲಿ. ಮೊಟ್ಟೆಯ ಅಲರ್ಜಿ ಅಡ್ಡಿಯಲ್ಲ. ಹಿಂದೆ ಫ್ಲೂ ಲಸಿಕೆಗೇ ತೀವ್ರ ಅಲರ್ಜಿಯಾದವರಿಗೆ ಬೇಡ. ಲಸಿಕೆಯಾಗಿ 6 ವಾರದೊಳಗೆ ಗಿಲಾನ್-ಬಾರೆ ಬಂದಿದ್ದವರು ಡಾಕ್ಟರನ್ನು ಕೇಳದೆ ಹಾಕಿಸಬಾರದು.

ಕುಮಟಾ_ಶಿಬಿರ
ಒಪ್ಪಿದೆ, ಮೇ ಎರಡನೇ ವಾರಕ್ಕೆ ಇಡುತ್ತೇವೆ. ಮದುವೆ-ಮುಂಜಿಯ ಕಾಲ, ಕೆಲವರು ತಪ್ಪಿಸಿಕೊಳ್ಳುತ್ತಾರೆ. ಅವರಿಗೆ ಅಕ್ಟೋಬರಿನಲ್ಲಿ ಹಾಕಿದರೆ ವ್ಯರ್ಥವೇ? ಹಾಸಿಗೆ ಹಿಡಿದವರಿಗೆ ಏನು ಮಾಡುವುದು?

ಹೊನ್ನಾವರ_ನರ್ಸ್
ವ್ಯರ್ಥವಲ್ಲ, ಜನವರಿಯ ಏರಿಕೆಗೆ ಆದೀತು. ಆಗ ಸಿಗುವ ಹೊಸ ಉತ್ತರಾರ್ಧಗೋಳದ್ದು ಹಾಕಿ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಹಾಕಬೇಕು. ಅವರ ಮೈ ಲಸಿಕೆಗೆ ಸ್ಪಂದಿಸುವುದು ಕಡಿಮೆ, ಆದ್ದರಿಂದ ಉಣಿಸಿ ತೊಳೆಯುವ ಸೊಸೆಗೂ, ಶಾಲೆಯಿಂದ ಬಂದು ಪಕ್ಕದಲ್ಲಿ ಕೂರುವ ಮೊಮ್ಮಕ್ಕಳಿಗೂ ಅದೇ ದಿನ ಹಾಕಿ. 6 ತಿಂಗಳು ತುಂಬಿದ ಕೂಸಿನಿಂದ ಎಲ್ಲರಿಗೂ ಆಗುತ್ತದೆ. ಪಟ್ಟಿ ಮಾಡುವಾಗಲೇ ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ಬರೆದುಕೊಳ್ಳಿ, ಆರ್ಡರ್ ಆ ಲೆಕ್ಕದಲ್ಲೇ ಹೋಗಲಿ.