ಇಂಗ್ಲೆಂಡಿನ ವಾಯ್ ನದಿ ಪಕ್ಕದ ಹಳ್ಳಿಗೆ ಬಂದಿದ್ದೇವೆ. ಇಲ್ಲಿನ ಕಾರ್ಯಕ್ರಮಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ತುಂಗಾತೀರ (ಹಿಯರ್‌ಫರ್ಡ್‌ಷೈರ್)

ಎಲ್ಲರಿಗೂ ನಮಸ್ಕಾರ, ಹೊಸ ವರ್ಷದ ಶುಭಾಶಯಗಳು. ನಮ್ಮೂರು ತೀರ್ಥಹಳ್ಳಿ ಹತ್ತಿರ. ಯಜಮಾನರಿಗೆ ಇಲ್ಲಿ ಆಸ್ಪತ್ರೆ ಕೆಲಸ ಸಿಕ್ಕಿ ಅಕ್ಟೋಬರ್‌ನಲ್ಲಿ ಬಂದೆವು. ಪೇಟೆಯಲ್ಲಿ ಬಾಡಿಗೆ ಮನೆ ಸಿಗಲಿಲ್ಲ, ಹಳ್ಳಿಯಲ್ಲಿ ಸಿಕ್ಕಿತು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಸುತ್ತಮುತ್ತ ಒಂದು ಕನ್ನಡದ ಮನೆಯೂ ಇಲ್ಲ. ಸಂಜೆ ನಾಲ್ಕಕ್ಕೆಲ್ಲ ಕತ್ತಲೆ. ಯಜಮಾನರಿಗೆ ವಾರಾಂತ್ಯವೂ ಡ್ಯೂಟಿ ಬೀಳುತ್ತದೆ. ನನಗಿನ್ನೂ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಆಗಿಲ್ಲ, ಭಾನುವಾರ ಬಸ್ಸೂ ಇಲ್ಲ.

ಊರಿನ ನೋಟಿಸ್ ಬೋರ್ಡ್ ಮಾತ್ರ ಯಾವಾಗಲೂ ತುಂಬಿರುತ್ತದೆ. 17ಕ್ಕೆ ಸೇಬಿನ ತೋಟದಲ್ಲಿ ‘ವಾಸೇಲ್’ ಅಂತೆ. ಆಮೇಲೆ ಒಂದು ಶನಿವಾರ ಬೆಳಿಗ್ಗೆ ಬೇಲಿ ಗಿಡ ನೆಡುವ ಕೆಲಸ. ತಿಂಗಳ ಕೊನೆಗೆ ಹಕ್ಕಿ ಎಣಿಕೆ. ಫೆಬ್ರವರಿಯಲ್ಲಿ ರಾತ್ರಿ ಹೊತ್ತು ಕಪ್ಪೆಗಳನ್ನು ರಸ್ತೆ ದಾಟಿಸುವುದು. ಮಾರ್ಚ್‌ನಲ್ಲಿ ಕಸ ಹೆಕ್ಕುವುದು. ನದಿ ನೀರು ಪರೀಕ್ಷೆ ಮಾಡಲು ತರಬೇತಿ ಬೇರೆ.

ಇದಕ್ಕೆಲ್ಲ ನಮ್ಮಂಥವರು ಹೋಗಬಹುದಾ, ಇಲ್ಲ ಊರಿನವರಿಗೆ ಮಾತ್ರವಾ? ವೀಸಾ ಮೇಲೆ ಇರುವವರು ಸ್ವಯಂಸೇವೆ ಮಾಡಬಹುದಾ? ಗಿಡ ನೆಡುವ ಹೊತ್ತಿಗೇ ಮಕ್ಕಳ ಆನ್‌ಲೈನ್ ಕನ್ನಡ ಕ್ಲಾಸ್. ಮಗಳು ಈಗಲೇ ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕ್ಲಾಸ್ ತಪ್ಪಿಸಿದರೆ ಪೂರ್ತಿ ಕೈತಪ್ಪುತ್ತಾಳೇನೋ ಅಂತ ಭಯ. ಶಾಲೆಯಲ್ಲಿ ಅವಳಿಗೆ ಇನ್ನೂ ಒಬ್ಬ ಗೆಳತಿಯೂ ಆಗಿಲ್ಲ. ರಾತ್ರಿ ಮಲಗುವಾಗ ಊರಿಗೆ ಹೋಗೋಣ ಅಂತಾಳೆ.

ಸ್ಲೌ ಹಿರಿಯ

ತಂಗೀ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳ್ಳಿ ಬಿಡಿ. ಯಜಮಾನರಿಗೆ ಈ ಕಡೆ ಕೆಲಸ ನೋಡಲು ಹೇಳಿ. ಮಗಳಿಗೆ ಒಂಬತ್ತು ಅಂದರೆ 11 ಪ್ಲಸ್ ಪರೀಕ್ಷೆಗೆ ತಯಾರಿ ಶುರು ಆಗಬೇಕಾದ ವಯಸ್ಸು. ಆ ಪರೀಕ್ಷೆಯಲ್ಲಿ ಪಾಸಾದವರನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆಗಳಿಗೆ ಗ್ರಾಮರ್ ಶಾಲೆ ಅನ್ನುತ್ತಾರೆ, ಇಡೀ ಇಂಗ್ಲೆಂಡಿನಲ್ಲಿ ಇರುವುದೇ 163. ನಿಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ನಮ್ಮ ಸ್ಲೌನಲ್ಲೇ ನಾಲ್ಕಿವೆ. ನನ್ನ ಇಬ್ಬರು ಮಕ್ಕಳೂ ಇಲ್ಲೇ ಓದಿದ್ದು, ಒಬ್ಬ ಈಗ ಕಾರ್ಡಿಯಾಲಜಿ ಟ್ರೇನಿಂಗ್‌ನಲ್ಲಿದ್ದಾನೆ. ಕನ್ನಡದ ಮನೆಗಳಿವೆ, ದೇವಸ್ಥಾನ ಇದೆ, ಗಣೇಶನ ಹಬ್ಬ ಜೋರಾಗಿ ಆಗುತ್ತದೆ. ಕಪ್ಪೆ ದಾಟಿಸುವುದಕ್ಕೆ ನಾವು ಸಮುದ್ರ ದಾಟಿ ಬಂದಿಲ್ಲ.

ಶ್ರಾಪ್‌ಷೈರ್ ಡಾಕ್ಟರ್ (ಹುಬ್ಬಳ್ಳಿ)

ಮೊದಲು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ ರೀ. ಹೋಗಬಹುದು. ಬೋರ್ಡಿನಲ್ಲಿ ಹಾಕಿದ್ದಾರೆ ಅಂದರೆ ಎಲ್ಲರನ್ನೂ ಕರೆದ ಹಾಗೆ. ಮನೆಗೆ ಬಂದು ಯಾರೂ ಕರೆಯುವುದಿಲ್ಲ. ನಮ್ಮಲ್ಲಿ ಕುಂಕುಮ ಇಟ್ಟು ಕರೆಯದಿದ್ದರೆ ಹೋಗಬಾರದು ಅಂತ ಇದೆ ನೋಡಿ, ಅದನ್ನು ಇಲ್ಲಿ ಹಿಡಿದು ಕೂತರೆ ಹತ್ತು ವರ್ಷ ಒಳಗೇ ಕೂರಬೇಕಾಗುತ್ತದೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸ್ವಯಂಸೇವೆಗೆ ಅಡ್ಡಿ ಇಲ್ಲ, ಡಿಪೆಂಡೆಂಟ್ ಆದ ನಿಮಗೂ ಇಲ್ಲ.

ಬೇಲಿ ಕೆಲಸಕ್ಕೆ ಮೊದಲು ಹೋಗಿ. ಐದು ವರ್ಷದ ಮಗುವಿಗೂ ಅಲ್ಲಿ ಕೆಲಸ ಸಿಗುತ್ತದೆ. ಮಣ್ಣಿಲ್ಲದೆ ಬೇರು ಸಮೇತ ಕಟ್ಟು ಕಟ್ಟಿ ತಂದ ಸಣ್ಣ ಸಸಿಗಳು ಇರುತ್ತವೆ. ಹಾಥಾರ್ನ್, ಬ್ಲ್ಯಾಕ್‌ಥಾರ್ನ್, ಹೇಝಲ್ ಇಂಥವು. ನವೆಂಬರಿನಿಂದ ಮಾರ್ಚ್ ಒಳಗೆ, ಗಿಡ ಮಲಗಿರುವಾಗಲೇ ನೆಡಬೇಕು. ಗುದ್ದಲಿಯಲ್ಲಿ ನೆಲ ಸೀಳಿ, ಸಸಿ ಇಳಿಸಿ, ಕಾಲಲ್ಲಿ ಒತ್ತಿದರೆ ಆಯಿತು. ಎರಡು ಸಾಲು ಹಾಕಿ, ಮೀಟರಿಗೆ ಐದರಂತೆ ನೆಡುತ್ತಾರೆ. ಮೊಲ ತಿನ್ನದ ಹಾಗೆ ಪ್ರತಿ ಸಸಿಗೂ ಸುರುಳಿ ಕವಚ ಸುತ್ತಬೇಕು. ಈ ಸುತ್ತುವ ಕೆಲಸ ಮಕ್ಕಳಿಗೆ ಬಹಳ ಇಷ್ಟ. ಅಲ್ಲಿ ಮಾತೂ ಜಾಸ್ತಿ ಬೇಡ, ಕೈಗೆ ಕೆಲಸ ಇದ್ದರೆ ಪರಿಚಯ ತಾನಾಗಿ ಆಗುತ್ತದೆ. ನಿಮ್ಮ ಮಗಳ ಕ್ಲಾಸಿನ ಮಕ್ಕಳೂ ಬಂದಿರುತ್ತಾರೆ. ಗಂಬೂಟು, ಎರಡು ಜೊತೆ ಕಾಲುಚೀಲ, ಕೈಗವಸು, ಫ್ಲಾಸ್ಕಿನಲ್ಲಿ ಬಿಸಿ ಏನಾದರೂ.

ಹಕ್ಕಿ ಎಣಿಕೆಗೆ ಮನೆ ಬಿಟ್ಟು ಹೋಗುವುದೇ ಬೇಡ. ಆರ್‌ಎಸ್‌ಪಿಬಿ ಎಂಬ ಹಕ್ಕಿ ಸಂರಕ್ಷಣಾ ಸಂಸ್ಥೆಯವರು 1979ರಿಂದ ನಡೆಸುತ್ತಿದ್ದಾರೆ, ಜನವರಿಯ ಕೊನೆಯ ವಾರಾಂತ್ಯ. ಒಂದು ಗಂಟೆ ಕಿಟಕಿ ಹತ್ತಿರ ಕೂತು ಎಣಿಸಬೇಕು. ಬಂದ ಹಕ್ಕಿಗಳನ್ನೆಲ್ಲ ಕೂಡಿಸುವುದಲ್ಲ, ಒಂದೇ ಸಲಕ್ಕೆ ಕಂಡ ಅತಿ ಹೆಚ್ಚು ಸಂಖ್ಯೆ ಬರೆಯಬೇಕು. ಮೇಲೆ ಹಾರಿ ಹೋದದ್ದು ಲೆಕ್ಕಕ್ಕಿಲ್ಲ. ಅಲ್ಲಿ ಕನ್ನಡದಲ್ಲೇ ಎಣಿಸಲಿ, ಯಾರು ಬೇಡ ಅಂತಾರೆ?

ಕಪ್ಪೆ ಕೆಲಸ ಈ ವರ್ಷ ಮಗಳಿಗೆ ಮಾತ್ರ, ಅದೂ ನಿಮ್ಮ ಜೊತೆ. ಚಳಿ ಸ್ವಲ್ಪ ಇಳಿದು, 5 ಡಿಗ್ರಿಗಿಂತ ಮೇಲೆ ಇದ್ದು, ಮಳೆ ಬಿದ್ದ ಸಂಜೆ ಅವು ಮೊಟ್ಟೆ ಇಡಲು ಕೆರೆ ಕಡೆ ಹೊರಡುತ್ತವೆ. ರಸ್ತೆ ಅಡ್ಡ ಬಂದರೆ ಕಾರಿಗೆ ಸಿಕ್ಕಿ ಸಾಯುತ್ತವೆ. ಟಾರ್ಚ್, ಬಕೆಟ್, ಹೊಳೆಯುವ ಜಾಕೆಟ್ ಬೇಕು. ಕತ್ತಲ ರಸ್ತೆ, ಹುಷಾರು.

ಇನ್ನೊಂದು ಮಾತು, ಇದನ್ನು ನಮ್ಮವರು ಯಾರೂ ಹೇಳುವುದಿಲ್ಲ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳು. ವೀಸಾದಲ್ಲಿ ಇದ್ದರೂ ಮತದಾರರ ಪಟ್ಟಿಗೆ ಹೆಸರು ಹಾಕಿಸಬಹುದು. ಮಾರ್ಚ್ 1ರಿಂದ ಜೂನ್ 1ರ ಒಳಗೆ ಪ್ಯಾರಿಷ್‌ನ (ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ) ವಾರ್ಷಿಕ ಸಭೆ ನಡೆಯುತ್ತದೆ. ಮತದಾರರು ಅಲ್ಲಿ ಎದ್ದು ಮಾತಾಡಬಹುದು. ಭಾನುವಾರದ ಬಸ್ಸಿನ ಮಾತು ಎತ್ತಲು ಅದೇ ಜಾಗ.

ಸ್ಲೌ ಹಿರಿಯ

ಡಾಕ್ಟರಮ್ಮ ಚೆನ್ನಾಗಿ ಬರೆದಿದ್ದಾರೆ. ಆದರೆ ಗಿಡ ನೆಟ್ಟರೆ ಸೀಟು ಸಿಗುವುದಿಲ್ಲ. ಪರೀಕ್ಷೆ ಇಯರ್ ಸಿಕ್ಸ್ ಶುರುವಿನಲ್ಲೇ ಬರುತ್ತದೆ. ಇಯರ್ ಫೋರ್‌ನಲ್ಲಿ ಶುರು ಮಾಡದವರು ಆಮೇಲೆ ಪರದಾಡುತ್ತಾರೆ. ನಮ್ಮ ಹತ್ತಿರ ಒಳ್ಳೆಯ ಟ್ಯೂಷನ್ ಇದೆ, ವಿವರ ಬೇಕಿದ್ದರೆ ಮೆಸೇಜ್ ಮಾಡಿ.

ರೀಡಿಂಗ್ ಅಮ್ಮ

ಸರ್ ಹೇಳಿದ್ದು ನಿಜ. ನಾವು ಮನೆ ಮಾರಿ ಗ್ರಾಮರ್ ಶಾಲೆ ಹತ್ತಿರ ಬಂದೆವು. ಈಗ ಮಗ ಖುಷಿಯಾಗಿದ್ದಾನೆ. ಯಾವ ಟ್ಯೂಷನ್ ಸರ್? ವೆರ್ಬಲ್ ರೀಸನಿಂಗ್‌ಗೆ ಬೇರೆ ಕ್ಲಾಸ್ ಬೇಕಾ?

ವುಲ್ವರ್‌ಹ್ಯಾಂಪ್ಟನ್ ದಾವಣಗೆರೆ

ಎಲ್ಲ ಮಕ್ಕಳಿಗೂ ಗ್ರಾಮರ್ ಶಾಲೆ ಹಿಡಿಸುವುದಿಲ್ಲ. ನನ್ನ ಮಗಳು ಸಾಮಾನ್ಯ ಶಾಲೆಯಲ್ಲೇ ಓದಿ ಎಂಜಿನಿಯರ್ ಆಗಿದ್ದಾಳೆ. ಟ್ಯೂಷನ್ ಟ್ಯೂಷನ್ ಅಂತ ಮಕ್ಕಳ ನಿದ್ದೆ ಕಿತ್ತುಕೊಳ್ಳುವುದು ಬೇಡ.

(ಇಲ್ಲಿಂದ ಮುಂದೆ ಗ್ರಾಮರ್ ಶಾಲೆ ಮೇಲೆ ಬಂದ ಉತ್ತರಗಳನ್ನು ಅಡ್ಮಿನ್ ಬೇರೆ ಎಳೆಗೆ ಹಾಕಿದ್ದಾರೆ. ದಯವಿಟ್ಟು ತಾಯಿ ಕೇಳಿದ ಪ್ರಶ್ನೆಗೆ ಉತ್ತರಿಸಿ.)

ಸ್ವಾನ್ಸಿ ಅಕ್ಕ (ಕುಂದಾಪುರ)

ನಿಮ್ಮ ಪೋಸ್ಟ್ ಓದಿ ಹೊಟ್ಟೆ ಚುರ್ ಎಂದಿತು. ನಾವು ಬಂದಾಗ ವಾಟ್ಸಾಪ್ ಇರಲಿಲ್ಲ. ಊರಿಗೆ ಮಾತಾಡಬೇಕೆಂದರೆ ಫೋನ್ ಕಾರ್ಡ್ ಖಾಲಿ ಆಗುವವರೆಗೆ ಮಾತ್ರ. ಅಮ್ಮ ಹೋದ ಸುದ್ದಿ ಕೂಡ ಹಾಗೆಯೇ ಬಂದದ್ದು. ನನ್ನ ಮಗನಿಗೆ ಕುಂದಾಪುರ ಕನ್ನಡ ಪೂರ್ತಿ ಅರ್ಥ ಆಗುತ್ತದೆ, ಮಾತಾಡಲು ಬರುವುದಿಲ್ಲ. ಈಗ ಅವನ ಹೆಂಡತಿ, ಇಲ್ಲಿಯ ಹುಡುಗಿ, ನನ್ನ ಹತ್ತಿರ ಕನ್ನಡ ಕಲಿಯುತ್ತಿದ್ದಾಳೆ. ಅವಳಿಗೆ ಬರುವಷ್ಟೂ ಅವನಿಗೆ ಬಾರದು. ಮಗಳು ಮಲಗುವಾಗ ಊರು ಅಂದರೆ ಬೈಯಬೇಡಿ ಮಾರಾಯ್ರೆ. ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಬ್ರಿಸ್ಟಲ್ ಪ್ರವಾಸಿ

ವಾಸೇಲ್ ಅಂದರೆ ಮರಕ್ಕೆ ಪೂಜೆ ಮಾಡಿ ಸೈಡರ್ (ಸೇಬಿನ ಮದ್ಯ) ಕುಡಿಯುವುದು. ನಾನಾಗಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ.

ಗ್ಲಾಸ್ಟರ್ ಮಂಡ್ಯದವ

ಮರಕ್ಕೆ ಪೂಜೆ ಮಾಡಿದರೆ ತಪ್ಪೇನಣ್ಣ? ನಾವು ಅರಳಿಮರ ಸುತ್ತುವುದಿಲ್ಲವಾ? ಮುಂದಿನ ಬೆಳೆ ಚೆನ್ನಾಗಿ ಬರಲಿ ಎಂದು ಹಾಡು ಹೇಳುತ್ತಾರೆ. ಬೇರಿಗೆ ಸೈಡರ್ ಎರೆಯುತ್ತಾರೆ. ಸೈಡರಿನಲ್ಲಿ ಅದ್ದಿದ ಬ್ರೆಡ್ಡನ್ನು ಹಕ್ಕಿಗಳಿಗೆ ಅಂತ ಕೊಂಬೆಗೆ ಸಿಕ್ಕಿಸುತ್ತಾರೆ. ತಟ್ಟೆ ಪಾತ್ರೆ ಬಡಿದು ಗದ್ದಲ ಮಾಡಿ ಕೆಟ್ಟದ್ದನ್ನು ಓಡಿಸುತ್ತಾರೆ. ಕೆಲವು ಕಡೆ ಜನವರಿ 6ಕ್ಕೆ ಮಾಡಿದರೆ, ಕೆಲವು ಕಡೆ ಹಳೇ ಲೆಕ್ಕ ಹಿಡಿದು 17ಕ್ಕೆ ಮಾಡುತ್ತಾರೆ. 1752ರಲ್ಲಿ ಇವರು ಕ್ಯಾಲೆಂಡರ್ ಬದಲಿಸಿ 11 ದಿನ ಬಿಟ್ಟರು, ತೋಟದವರು ಮಾತ್ರ ಹಳೇ ದಿನ ಬಿಡಲಿಲ್ಲ. ನಮ್ಮ ಸಂಕ್ರಾಂತಿ ಆಗಿ ಎರಡು ಮೂರು ದಿನಕ್ಕೇ ಬರುತ್ತದೆ. ಮಂಡ್ಯದಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿ ಬೆಳೆದವನು ನಾನು. ಇಲ್ಲಿ ತೋಟದಲ್ಲಿ ಬೆಂಕಿ ಹಾಕಿದ್ದು ನೋಡಿ ಕಣ್ಣು ತುಂಬಿತ್ತು. ಎಳ್ಳು ಬೆಲ್ಲ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಹಂಚಿ ತಂಗಿ. ಮಕ್ಕಳಿಗೆ ಸೇಬಿನ ರಸ ಸಿಗುತ್ತದೆ. ಒಂದೇ ಎಚ್ಚರ, ಕೆಲವು ಕಡೆ ಮರಗಳ ನಡುವೆ ಆಕಾಶಕ್ಕೆ ಕೋವಿ ಹಾರಿಸುತ್ತಾರೆ. ಮಗನಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಹೆದರುತ್ತಾನೆ.

ಬೆಂಗಳೂರು ಎಂಜಿನಿಯರ್ (ಚೆಲ್ಟನಮ್)

ನದಿ ನೀರು ಪರೀಕ್ಷೆಯ ಬಗ್ಗೆ ಯಾರೂ ಬರೆದಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ವಾಯ್ ವೇಲ್ಸ್ ಬೆಟ್ಟದಲ್ಲಿ ಹುಟ್ಟಿ ಸುಮಾರು 250 ಕಿ.ಮೀ. ಹರಿಯುವ ನದಿ. ಸಾಲ್ಮನ್ ಮೀನಿಗೆ ಹೆಸರಾಗಿತ್ತು. 2023ರಲ್ಲಿ ಸರ್ಕಾರದ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಯೇ ಇದರ ಸ್ಥಿತಿ ಕೆಟ್ಟು ಇನ್ನೂ ಕುಸಿಯುತ್ತಿದೆ ಎಂದಿತು. ನದಿಗೆ ನೀರು ಬರುವ ಪ್ರದೇಶದಲ್ಲಿ ಸಾಕಣೆ ಕೋಳಿಗಳು 2 ಕೋಟಿಗೂ ಜಾಸ್ತಿ. ಆ ಗೊಬ್ಬರವನ್ನು ಹೊಲಕ್ಕೆ ಸುರಿಯುತ್ತಾರೆ. ಮಣ್ಣು ಹಿಡಿಯಲಾರದಷ್ಟು ಫಾಸ್ಫೇಟ್ ಮಳೆಯ ಜೊತೆ ನದಿಗೆ ಇಳಿಯುತ್ತದೆ. ಚರಂಡಿ ನೀರಿನದೂ ಪಾಲು ಇದೆ. ಬೇಸಿಗೆಯಲ್ಲಿ ಪಾಚಿ ಹಬ್ಬಿ ನೀರು ಹಸಿರಾಗುತ್ತದೆ, ಕೆಳಗಿನ ಗಿಡಗಳು ಬೆಳಕು ಸಿಗದೆ ಸಾಯುತ್ತವೆ. ಅದಕ್ಕೇ ಊರಿನ ಜನ ಗುಂಪು ಕಟ್ಟಿಕೊಂಡು ಫಾಸ್ಫೇಟ್, ನೀರಿನ ಉಷ್ಣತೆ, ಕದಡು ಎಲ್ಲ ಅಳೆದು ಬರೆದಿಡುತ್ತಿದ್ದಾರೆ. ನಾನು ಬೆಳೆದದ್ದು ಬೆಳ್ಳಂದೂರು ಕೆರೆ ಪಕ್ಕ. ಸಾಬೂನಿನ ನೊರೆ ರಸ್ತೆಗೆ ಹಾರಿ ಬರುತ್ತಿತ್ತು, 2017ರಲ್ಲಿ ಕೆರೆಗೇ ಬೆಂಕಿ ಹತ್ತಿಕೊಂಡಿತು. ನಮ್ಮ ಕೈಯಲ್ಲಿ ಆಗ ಒಂದು ಅಂಕಿಯೂ ಇರಲಿಲ್ಲ. ನೀವು ತುಂಗೆಯ ದಡದವರು, ಶೃಂಗೇರಿಯ ಮೀನುಗಳಿಗೆ ಮಂಡಕ್ಕಿ ಹಾಕಿದವರು. ಈ ತರಬೇತಿಗೆ ಖಂಡಿತ ಹೋಗಿ. ನೀರು ತುಂಬಿದಾಗ ಮಾತ್ರ ಮಕ್ಕಳನ್ನು ದಡಕ್ಕೆ ಬಿಡಬೇಡಿ.

ಕೋವೆಂಟ್ರಿ ಮೇಷ್ಟ್ರು

ನಾನು ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತೇನೆ. ಇಲ್ಲಿ ಎಲ್ಲರೂ ಕ್ಲಾಸ್ ತಪ್ಪಿಸಿ ಗಿಡ ನೆಡಿ ಎನ್ನುತ್ತಿದ್ದೀರಿ. ಒಂದು ವಾರ ಬಿಟ್ಟ ಮಗು ಮುಂದಿನ ವಾರವೂ ಬಿಡುತ್ತದೆ. ಇದನ್ನು ತುಂಬಾ ನೋಡಿದ್ದೇನೆ. ಕ್ಲಾಸ್ ಬಿಡಬೇಡಿ. ಮನೆಯಲ್ಲಿ ಕನ್ನಡ ಮಾತ್ರ, ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರ ಕೊಡಬೇಡಿ.

ಶ್ರಾಪ್‌ಷೈರ್ ಡಾಕ್ಟರ್ (ಹುಬ್ಬಳ್ಳಿ)

ಮೇಷ್ಟ್ರೆ, ಗೌರವದಿಂದಲೇ ಹೇಳುತ್ತೇನೆ. ಗೆಳತಿಯರಿಲ್ಲದೆ ಅಳುವ ಮಗುವಿಗೆ ಅಮ್ಮನೂ ಉತ್ತರ ಕೊಡದಿದ್ದರೆ ಅದು ಯಾರ ಹತ್ತಿರ ಮಾತಾಡಬೇಕು? ನನ್ನ ಮಗ ಕನ್ನಡ ಉಳಿಸಿಕೊಂಡದ್ದು ಅಜ್ಜಿಗೆ ಹೇಳಲು ಸುದ್ದಿ ಇದ್ದುದರಿಂದ. ಇವತ್ತು ಕಪ್ಪೆ ಹಿಡಿದೆ, ಕೆಸರಲ್ಲಿ ಬಿದ್ದೆ ಅಂತ ಗಂಟೆಗಟ್ಟಲೆ ಹೇಳುತ್ತಿದ್ದ. ಇಡೀ ದಿನ ಮನೆಯೊಳಗೇ ಇದ್ದ ಮಗು ಅಜ್ಜಿಗೆ ‘ಊಟ ಆಯ್ತು’ ಬಿಟ್ಟರೆ ಏನು ಹೇಳೀತು?

ಕೋವೆಂಟ್ರಿ ಮೇಷ್ಟ್ರು

ಮಾತು ಬೇರೆ, ಓದು ಬರಹ ಬೇರೆ ಅಮ್ಮಾ. ಅಜ್ಜಿಯ ಜೊತೆ ಮಾತಾಡಿದರೆ ಒತ್ತಕ್ಷರ ಬರುವುದಿಲ್ಲ.

ತುಂಗಾತೀರ (ಹಿಯರ್‌ಫರ್ಡ್‌ಷೈರ್)

ಎಲ್ಲರಿಗೂ ಧನ್ಯವಾದ. ಎರಡೆರಡು ಸಲ ಓದಿದೆ. ಸ್ಲೌ ಅಣ್ಣ, ಯಜಮಾನರ ಕಾಂಟ್ರ್ಯಾಕ್ಟ್ ಇಲ್ಲಿಯೇ ಇದೆ, ಸದ್ಯಕ್ಕೆ ಬರಲಾಗುವುದಿಲ್ಲ. ಕನ್ನಡ ಕ್ಲಾಸಿನವರನ್ನು ಕೇಳಿದೆ. ಭಾನುವಾರ ಸಂಜೆಯ ಬ್ಯಾಚಿಗೆ ಹಾಕಿಕೊಳ್ಳುತ್ತಾರಂತೆ, ಮೇಷ್ಟ್ರು ಸಮಾಧಾನ ಮಾಡಿಕೊಳ್ಳಬೇಕು. ಬೇಲಿ ಕೆಲಸಕ್ಕೆ ಮೂವರ ಹೆಸರೂ ಕೊಟ್ಟೆ. ಇನ್ನೊಂದು ಪ್ರಶ್ನೆ ಡಾಕ್ಟರಕ್ಕ, ಇಲ್ಲಿ ಹುಲ್ಲಿನಲ್ಲಿ ಉಣುಗು ಇರುತ್ತದಾ? ಮಂಗನ ಕಾಯಿಲೆ ನೋಡಿ ಬೆಳೆದ ಊರು ನಮ್ಮದು, ಆ ಹೆದರಿಕೆ ಹೋಗುವುದಿಲ್ಲ.

ಶ್ರಾಪ್‌ಷೈರ್ ಡಾಕ್ಟರ್ (ಹುಬ್ಬಳ್ಳಿ)

ಇರುತ್ತದೆ. ಈ ಚಳಿಯಲ್ಲಿ ಕಡಿಮೆ. ವಸಂತದಿಂದ ಅಕ್ಟೋಬರಿನವರೆಗೆ ಜಾಸ್ತಿ. ಇಲ್ಲಿ ಮಂಗನ ಕಾಯಿಲೆ ಇಲ್ಲ, ಲೈಮ್ ಎಂಬ ಬೇರೆ ಕಾಯಿಲೆ ಇದೆ. ಅದಕ್ಕೆ ಆಂಟಿಬಯೋಟಿಕ್ ಔಷಧಿ ಇದೆ. ಮನೆಗೆ ಬಂದ ಮೇಲೆ ಮಕ್ಕಳ ಮಂಡಿ ಹಿಂದೆ, ಕಂಕುಳು, ತೊಡೆಸಂದು, ಕೂದಲ ಅಂಚು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಮೇಲೆ ಎಳೆಯಿರಿ. ಎಣ್ಣೆ ಹಚ್ಚಬೇಡಿ, ಬೆಂಕಿ ತಾಗಿಸಬೇಡಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಹರಡುತ್ತಾ ಹೋದರೆ ಫೋಟೋ ತೆಗೆದು ಜಿಪಿ (ನಿಮ್ಮ ಊರಿನ ಡಾಕ್ಟರ್) ಹತ್ತಿರ ಹೋಗಿ.

ರಾಸ್ ಆನ್ ವಾಯ್ ಹೊಸಬ

ನಮಸ್ಕಾರ, ಗುಂಪಿಗೆ ಹೊಸಬ. ನಾನೂ ನನ್ನ ಹೆಂಡತಿಯೂ ಶಿವಮೊಗ್ಗದವರು. ಹತ್ತಿರದಲ್ಲೇ ಇದ್ದೇವೆ, ಕಾರಿದೆ. ಇಲ್ಲಿ ಬೇರೆ ಕನ್ನಡದವರು ಇದ್ದಾರೆ ಅಂತ ಗೊತ್ತೇ ಇರಲಿಲ್ಲ. 17ಕ್ಕೆ ನಿಮ್ಮ ಮನೆ ಹತ್ತಿರ ಬಂದು ಎಲ್ಲರನ್ನೂ ಕರೆದುಕೊಂಡು ಹೋಗುತ್ತೇವೆ. ಪುಟ್ಟ ಹುಡುಗನಿಗೆ ಬೂಸ್ಟರ್ ಸೀಟ್ ಬೇಕು, ನಿಮ್ಮ ಹತ್ತಿರ ಇದೆಯಾ?

ಸ್ಲೌ ಹಿರಿಯ

ಹೋಗಿ ಬನ್ನಿ ತಂಗಿ, ಒಳ್ಳೆಯದಾಗಲಿ. ಆದರೆ ಇಯರ್ ಫೋರ್ ಗಣಿತದ ಪುಸ್ತಕ ಒಂದನ್ನಾದರೂ ತರಿಸಿಡಿ.